ಮಿಕ್ಕಿರುವ ಎಂಬತ್ತು ಸೆಂಟಿಮೀಟರ್

ವೇದಿಕೆಯ ನಡುವೆ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಈ ಸಂಸ್ಥೆಯ ಪ್ರಾಂಶುಪಾಲರೇ, ಹೊಸ ಕಂಪ್ಯೂಟರ್ ಕೊಠಡಿಯ ರಿಬ್ಬನ್ ಕತ್ತರಿಸಿದ ಮುಖ್ಯ ಅತಿಥಿಗಳೇ, ಪಾಠ ಹೇಳುವ ಗುರುಗಳೇ, ಪಾಠ ಕೇಳಿ ದಣಿದ ವಿದ್ಯಾರ್ಥಿಗಳೇ, ಅವರ ತಂದೆತಾಯಿಗಳೇ, ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ಎಲ್ಲರಿಗೂ ವಂದನೆ. ನಿಂತವರು ದಯವಿಟ್ಟು ಕೂರಬೇಕು. ಮುಂದಿನ ಸಾಲಿನಲ್ಲಿ ಜಾಗ ಇದೆ. ಮುಂದಿನ ಸಾಲಿನಲ್ಲಿ ಯಾವಾಗಲೂ ಜಾಗ ಇರುತ್ತದೆ. ನಾನೂ ಈಗ ಈ ಸಂಸ್ಥೆಯ ವಿದ್ಯಾರ್ಥಿಯೇ ಆದ್ದರಿಂದ ಅದು ನನಗೆ ಗೊತ್ತು.

ನನಗೆ ಭಾಷಣ ಬರುವುದಿಲ್ಲ. ದಿನಕ್ಕೆ ಎರಡು ಸಾಲು ಬರೆದಿಡುವ ಅಭ್ಯಾಸ ಮಾತ್ರ ಇದೆ. ಇವತ್ತಿನ ಮಾತನ್ನೂ ಹಾಗೆಯೇ ಬರೆದುಕೊಂಡು ಬಂದಿದ್ದೇನೆ. ಓದುವಾಗ ನಡುವೆ ನಿಂತರೆ ಕನ್ನಡಕದ ತಪ್ಪು ಎಂದುಕೊಳ್ಳಿ.

ನಾನು ಬಟ್ಟೆ ಕತ್ತರಿಸುವವನು. ದಿಂಬಿನ ಕವರು, ಹಾಸಿಗೆಯ ಹೊದಿಕೆ ಹೊಲಿಯುವ ಘಟಕದಲ್ಲಿ ಕಟಿಂಗ್ ಮಾಸ್ಟರು. ಹಾಳೆಯಲ್ಲಿಲ್ಲದ ಒಂದು ಮಾತು: ಸ್ವಲ್ಪ ಹೊತ್ತಿನ ಹಿಂದೆ ಮುಖ್ಯ ಅತಿಥಿಗಳು ರಿಬ್ಬನ್ ಕತ್ತರಿಸುವಾಗ ನನ್ನ ಕೈ ತಡೆಯಲಿಲ್ಲ, ರಿಬ್ಬನ್ನಿನ ತುದಿಯನ್ನು ಬಿಗಿಯಾಗಿ ಹಿಡಿದುಬಿಟ್ಟೆ. ಸಡಿಲ ಬಿಟ್ಟ ಬಟ್ಟೆ ನೇರವಾಗಿ ತುಂಡಾಗುವುದಿಲ್ಲ. ಅತಿಥಿಗಳು ನನ್ನನ್ನು ಸಂಸ್ಥೆಯ ಜವಾನ ಎಂದುಕೊಂಡು ಕತ್ತರಿಯನ್ನು ನನ್ನ ಕೈಗೇ ಕೊಟ್ಟರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಕತ್ತರಿ ಈಗಲೂ ನನ್ನ ಜೇಬಿನಲ್ಲಿದೆ, ಹೋಗುವಾಗ ಕೊಟ್ಟು ಹೋಗುತ್ತೇನೆ.

ಆ ಕೊಠಡಿಯ ಬಾಗಿಲ ಮೇಲೆ ಇರುವುದು ನನ್ನ ಹೆಂಡತಿಯ ಹೆಸರು. ಇಲ್ಲಿ ಅವಳು ಮದುವೆಗೆ ಮುಂಚಿನಿಂದ, ಕಾಯಿಲೆ ಬೀಳುವವರೆಗೆ, ಸಿ ಪ್ರೋಗ್ರಾಮಿಂಗ್ ಹೇಳಿಕೊಟ್ಟಳು. ಅವಳನ್ನು ನೀವೆಲ್ಲ ಬೆನ್ನ ಹಿಂದೆ ಏನೆಂದು ಕರೆಯುತ್ತಿದ್ದಿರಿ ಎಂಬುದು ಅವಳಿಗೆ ಗೊತ್ತಿತ್ತು. ಶೇಷ ಮೇಡಂ. ಮನೆಗೆ ಬಂದು ನಗುತ್ತಾ ಹೇಳುತ್ತಿದ್ದಳು. ಭಾಗಾಕಾರದಲ್ಲಿ ಮಿಕ್ಕದ್ದನ್ನು ಕಂಡುಹಿಡಿಯುವ ಒಂದೇ ಪಾಠವನ್ನು ವಾರಗಟ್ಟಲೆ ಎಳೆಯುತ್ತಿದ್ದವಳಿಗೆ ಬೇರೆ ಯಾವ ಹೆಸರು ಹೊಂದೀತು?

ಈಗ ಈ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇದೆ. ನನ್ನ ಬೆನ್ನ ಹಿಂದೆ ಬಿಳಿ ಪರದೆ ಇದೆ. ಮಾತು ಮುಗಿಸಿ ನಾನು ಎಂಟರ್ ಕೀ ಒತ್ತಬೇಕಂತೆ. ಒತ್ತಿದರೆ ನನ್ನ ಹೆಂಡತಿ ಕೊನೆಯದಾಗಿ ಬರೆದ ಪ್ರೋಗ್ರಾಂ ಓಡುತ್ತದೆ. ಅವಳು ಬರೆದಿಟ್ಟ ಒಂದು ಸಾಲು ಪರದೆಯ ಮೇಲೆ ಬರುತ್ತದೆ. ನೀವು ಚಪ್ಪಾಳೆ ತಟ್ಟುತ್ತೀರಿ. ಕಾರ್ಯಕ್ರಮದ ಪಟ್ಟಿಯಲ್ಲಿ ಹಾಗೆಯೇ ಅಚ್ಚಾಗಿದೆ. ಪ್ರಾಂಶುಪಾಲರು ನಿನ್ನೆ ಮಾತಿನಲ್ಲೂ ಹೇಳಿದರು, ಬರೀ ಒಂದು ಕೀ, ಒಂದು ಬೆರಳಿನ ಕೆಲಸ ಎಂದು. ಆ ಒಂದು ಬೆರಳಿನ ಕೆಲಸ ನನ್ನಿಂದ ಆಗುತ್ತದೋ ಇಲ್ಲವೋ ಎಂಬುದು ಇಲ್ಲಿ ನಿಂತಿರುವ ಈ ಗಳಿಗೆಯಲ್ಲೂ ನನಗೆ ತಿಳಿದಿಲ್ಲ. ಏಕೆ ತಿಳಿದಿಲ್ಲ ಎಂದು ಹೇಳುವುದಕ್ಕಾಗಿಯೇ ಇಷ್ಟು ಹಾಳೆ ಬರೆದುಕೊಂಡು ಬಂದೆ.

ಮೊದಲು ನನ್ನ ಕೆಲಸದ ಒಂದು ರೀತಿಯನ್ನು ಹೇಳಬೇಕು. ನಮ್ಮಲ್ಲಿಗೆ ಬಟ್ಟೆ ಥಾನಿನ ಲೆಕ್ಕದಲ್ಲಿ ಬರುತ್ತದೆ. ಗಟ್ಟಿ ಕಾಗದದ ಕೊಳವೆಗೆ ಸುತ್ತಿದ ಥಾನು. ಅದನ್ನು ಉದ್ದನೆಯ ಮೇಜಿನ ಮೇಲೆ ಹರವಿ, ಅಳತೆಗೆ ಸರಿಯಾಗಿ ಕತ್ತರಿಸುತ್ತಾ ಹೋಗುತ್ತೇವೆ. ಕೊನೆಯಲ್ಲಿ ಒಂದು ಕವರಿಗೂ ಸಾಲದಷ್ಟು ಬಟ್ಟೆ ಮಿಗುತ್ತದೆ. ಅದನ್ನು ಬಿಸಾಡುವಂತಿಲ್ಲ. ಅಳೆದು, ಥಾನಿನ ನಂಬರಿನ ಚೀಟಿ ಕಟ್ಟಿ, ಕಪಾಟಿನಲ್ಲಿಡಬೇಕು. ಆ ಕೆಲಸ ಮುಗಿಸದೆ ಕಟಿಂಗ್ ಮಾಸ್ಟರು ಮೇಜು ಬಿಟ್ಟು ಏಳುವಂತಿಲ್ಲ. ಯಾಕೆ ಅಂದರೆ, ಮುಂದೆ ಹೊಲಿಗೆಯಲ್ಲಿ ಒಂದು ಕವರು ಕೆಟ್ಟರೆ ಅದಕ್ಕೆ ತೇಪೆ ಆ ಥಾನಿನದೇ ಆಗಬೇಕು. ಅದೇ ಗಿರಣಿ, ಅದೇ ಬಣ್ಣ, ಅದೇ ದಿನ ನೇಯ್ದದ್ದೇ ಆದರೂ ಇನ್ನೊಂದು ಥಾನು ಹೊಂದುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಕಾಣುವುದಿಲ್ಲ, ಬಿಸಿಲಿಗೆ ಹಿಡಿದರೆ ಕಾಣುತ್ತದೆ.

ಎಷ್ಟೋ ಥಾನಿಗೊಮ್ಮೆ ಏನೂ ಮಿಗದೆ ಸರಿಯಾಗಿ ಮುಗಿಯುವುದುಂಟು. ಆಗ ನಮ್ಮಲ್ಲಿ ಒಂದು ಪದ್ಧತಿ. ಖಾಲಿ ಕೊಳವೆಯನ್ನು ಎತ್ತಿ ಮೇಜಿನ ಅಂಚಿಗೆ ಒಂದು ಸಲ ಕುಟ್ಟುವುದು. ಆ ಸದ್ದು ಕೇಳಿದರೆ ಹೊಲಿಗೆಯ ಹೆಂಗಸರು ಮಷೀನಿನಿಂದ ತಲೆ ಎತ್ತಿ, "ಮಾಸ್ಟ್ರಿಗೆ ಇವತ್ತು ಬಿಡುಗಡೆ" ಅನ್ನುತ್ತಿದ್ದರು. ಅಳೆಯುವುದಿಲ್ಲ, ಚೀಟಿ ಕಟ್ಟುವುದಿಲ್ಲ, ಕೈ ತೊಳೆದು ಮನೆಗೆ ಹೋಗುವುದು.

ಮನೆಯಲ್ಲೂ ನಮ್ಮಿಬ್ಬರ ಒಂದು ಪದ್ಧತಿ ಇತ್ತು. ಯಾರು ಮೊದಲು ಮನೆ ಸೇರುತ್ತಾರೋ ಅವರು ಒಲೆ ಹಚ್ಚಬೇಕು. ಅವಳದು ಸಂಜೆಯ ತರಗತಿ, ನನ್ನದು ಮಿಕ್ಕ ಬಟ್ಟೆಯ ಕೆಲಸ. ಇಬ್ಬರೂ ದಣಿದಿರುತ್ತಿದ್ದೆವು. ಒಮ್ಮೊಮ್ಮೆ ಬೀದಿಯ ತಿರುವಿನಲ್ಲೇ ಎದುರಾದರೆ ಇಬ್ಬರಿಗೂ ನಡಿಗೆ ನಿಧಾನವಾಗುತ್ತಿತ್ತು. ಅವಳು ಪಾತ್ರೆ ಅಂಗಡಿಯ ಗಾಜಿನ ಮುಂದೆ ನಿಂತು ಬೇಡದ ಬಾಣಲೆಗಳನ್ನು ನೋಡುವಳು. ನಾನು ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುವೆನು. "ನೀವು ನಡೀರಿ, ನಾನು ಬಂದೆ" ಎಂದು ಅವಳು, "ಇಲ್ಲ ಇಲ್ಲ, ನಿಂದಾಗ್ಲಿ" ಎಂದು ನಾನು. ಕೊನೆಗೆ ಒಟ್ಟಿಗೆ ಹೊಸಿಲು ದಾಟಿ ಒಬ್ಬರು ಒಲೆ, ಒಬ್ಬರು ಪಾತ್ರೆ. ಸಂಸಾರ ಎಂದರೆ ಇಷ್ಟೇ ಅಲ್ಲವೇ? ಇದಕ್ಕಿಂತ ಹೆಚ್ಚಿನದು ಇನ್ನೇನಾದರೂ ಇದೆಯೇ? ಇದ್ದರೆ ನನಗೆ ಅದು ಗೊತ್ತಾಗಲಿಲ್ಲ, ಬೇಕು ಎಂದೂ ಅನಿಸಲಿಲ್ಲ.

ಅವಳ ಪಾಠವನ್ನು ನಾನು ಮೊದಲು ಕೇಳಿದ್ದು ಊಟದ ತಟ್ಟೆಯ ಮುಂದೆ. ಐದು ಮೀಟರ್ ಮೂವತ್ತು ಸೆಂಟಿಮೀಟರ್ ಬಟ್ಟೆಯಲ್ಲಿ ಎರಡು ಮೀಟರಿನ ತುಂಡು ಎಷ್ಟು, ಮಿಗುವುದೆಷ್ಟು ಎಂದು ಕೇಳಿದಳು. ಎರಡು ತುಂಡು, ಒಂದು ಮೀಟರ್ ಮೂವತ್ತು ಮಿಗುತ್ತದೆ ಎಂದೆ. ಇದನ್ನು ಕಂಪ್ಯೂಟರಿಗೆ ಹೇಳಿಸುವುದು ಸುಲಭವಲ್ಲ ಎಂದಳು. ಇಡೀ ಸಂಖ್ಯೆಗಳಾದರೆ ಶೇಕಡಾ ಗುರುತು ಹಾಕಿದರೆ ಸಾಕು, ಶೇಷ ಬರುತ್ತದೆ. ಪಾಯಿಂಟ್ ಇರುವ ಸಂಖ್ಯೆ ಬಂದರೆ ಆ ಗುರುತು ನಡೆಯುವುದಿಲ್ಲ, ಪ್ರೋಗ್ರಾಂ ಬಾಗಿಲಲ್ಲೇ ವಾಪಸ್ಸಾಗುತ್ತದೆ. ಅದಕ್ಕೆ ಎಫ್‌ಮಾಡ್ ಎಂಬ ಫಂಕ್ಷನ್ನನ್ನು ಕರೆಯಬೇಕು. ಅದು ನನ್ನ ಹಾಗೇ, ಒಂದು ಮೂವತ್ತು ಎನ್ನುತ್ತದಂತೆ. ರಿಮೈಂಡರ್ ಎಂಬ ಇನ್ನೊಂದು ಫಂಕ್ಷನ್ ಇದೆ. ಅದನ್ನು ಕೇಳಿದರೆ ಮೈನಸ್ ಎಪ್ಪತ್ತು ಎನ್ನುತ್ತದೆ.

ಬಟ್ಟೆಯಲ್ಲಿ ಮೈನಸ್ ಎಲ್ಲಿಂದ ಬರಬೇಕು ಎಂದು ನಾನು ನಕ್ಕೆ. ಅವಳು ನಗಲಿಲ್ಲ. "ಎರಡೂವರೆ ತುಂಡಿಗಿಂತ ಹೆಚ್ಚಿಗೆ ಇದೆಯಲ್ಲ ರೀ, ಮೂರಕ್ಕೇ ಹತ್ತಿರ. ಅದಕ್ಕೆ, ಮೂರಾಗೋಕೆ ಎಪ್ಪತ್ತು ಕಮ್ಮಿ ಬಿತ್ತು ಅನ್ನುತ್ತೆ. ಒಂದು ಮಿಕ್ಕಿದ್ದು ಹೇಳುತ್ತೆ, ಇನ್ನೊಂದು ಕಮ್ಮಿ ಬಿದ್ದಿದ್ದು ಹೇಳುತ್ತೆ. ಬಟ್ಟೆ ಮಾತ್ರ ಒಂದೇ" ಎಂದಳು.

ಅವಳು ಹೋದ ಮೇಲೆ ಮನೆಗೆ ಬಂದವರೆಲ್ಲ ಈ ಎರಡೇ ಜಾತಿಯವರು. ಬಹಳ ಜನ ಎಫ್‌ಮಾಡ್‌ನವರು. ಸ್ವಂತ ಮನೆ ಇದೆ, ಕೈಯಲ್ಲಿ ಕಸುಬಿದೆ, ಅವಳ ಒಳ್ಳೆಯ ಹೆಸರಿದೆ, ಇಷ್ಟು ಮಿಕ್ಕಿದೆಯಲ್ಲ ಎಂದು ಎಣಿಸಿ ಕೊಡುವವರು. ರಿಮೈಂಡರ್‌ನವರು ಕಡಿಮೆ. ಅವರು ಬಂದು ಸುಮ್ಮನೆ ಕೂರುತ್ತಿದ್ದರು. ಕಡಿಮೆ ಬಿದ್ದದ್ದನ್ನು ನೋಡಿ ಎದ್ದು ಹೋಗುತ್ತಿದ್ದರು. ನನಗೆ ಅವರೇ ವಾಸಿ ಎನಿಸಿತು.

ನನ್ನ ತಂಗಿ ಮೊದಲ ಜಾತಿಯವಳು. ಒಳ್ಳೆಯ ಮನಸ್ಸಿನವಳು. ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ನಾನು ಈ ಮಾತು ಹೇಳುತ್ತೇನೆಂದು ಅವಳಿಗೆ ಗೊತ್ತಿಲ್ಲ. ಒಂದು ದಿನ ಬಂದು, "ಎಷ್ಟು ದಿನ ಅಂತ ಹೀಗಿರ್ತೀಯ ಅಣ್ಣ? ನಮ್ಮೆಜಮಾನ್ರ ಕಡೆ ಒಬ್ರಿದಾರೆ. ಅವ್ರೂ ಟೀಚರ್ರೇ" ಎಂದಳು. "ಬಣ್ಣ ಅದೇ ಇರಬಹುದು ಕಣೆ, ಥಾನು ಬೇರೆ" ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಬಣ್ಣ ಚೆನ್ನಾಗೇ ಇದೆ ಅಣ್ಣ, ಫೋಟೋ ತರ್ಲಾ?" ಎಂದಳು. ಆವತ್ತು ಬಹಳ ದಿನದ ಮೇಲೆ ನನಗೆ ನಗು ಬಂತು. ಹಿಂದೆಯೇ ಇನ್ನೊಂದು ಬಂತು, ಅದನ್ನು ಬಚ್ಚಲುಮನೆಗೆ ಹೋಗಿ ಮುಗಿಸಿಕೊಂಡು ಬಂದೆ.

ಸಭಿಕರೇ, ಮಾತು ಎಲ್ಲೋ ಹೋಯಿತು. ಕಾಯಿಲೆಯ ವಿಷಯಕ್ಕೆ ಬರುತ್ತೇನೆ, ಅದನ್ನು ಉದ್ದ ಮಾಡುವುದಿಲ್ಲ. ಅವಳಿಗೆ ಇಲ್ಲಿಗೆ ಬರಲು ಆಗದೆ ಹೋಯಿತು. ಆಮೇಲೆ ಅಡುಗೆಮನೆಗೆ ಬರಲು ಆಗದೆ ಹೋಯಿತು. ಮಂಚದ ಮೇಲೆ ಬೆನ್ನಿಗೊಂದು ದಿಂಬು, ತೊಡೆಯ ಮೇಲೊಂದು ದಿಂಬು, ಅದರ ಮೇಲೆ ಲ್ಯಾಪ್‌ಟಾಪ್. ಎರಡು ದಿಂಬಿನ ಕವರೂ ನಾನು ಕತ್ತರಿಸಿದ್ದೇ. ಆಗ ಒಂದು ಸಂಜೆ ಕೇಳಿದಳು.

"ರೀ, ನಿಮ್ಮ ಕವರು ಎಷ್ಟುದ್ದ?"

"ಎಂಬತ್ತು ಸೆಂಟಿಮೀಟರ್."

"ಥಾನು?"

"ನಲವತ್ತು ಮೀಟರ್."

"ಸರಿಯಾಗಿ ಐವತ್ತು ಕವರಾಯ್ತಲ್ಲ. ಏನೂ ಮಿಗಲ್ಲ. ಮತ್ತೆ ದಿನಾ ಏನು ಅಳೀತಾ ಕೂತಿರ್ತೀರಿ?"

"ಲೆಕ್ಕದಲ್ಲಿ ಮಿಗಲ್ಲ. ಥಾನಿನಲ್ಲಿ ಮಿಗುತ್ತೆ."

ಚೀಟಿಯಲ್ಲಿ ನಲವತ್ತು ಎಂದು ಬರೆದಿದ್ದರೂ ಯಾವ ಗಿರಣಿಯೂ ಸರಿಯಾಗಿ ನಲವತ್ತು ಸುತ್ತುವುದಿಲ್ಲ, ಒಂದು ಗೇಣು ಹೆಚ್ಚೋ ಕಡಿಮೆಯೋ ಇರುತ್ತದೆ ಎಂದು ವಿವರಿಸಿದೆ. "ಇರಿ, ನಿಮಗೊಂದು ಪ್ರೋಗ್ರಾಂ ಬರ್ದುಕೊಡ್ತೀನಿ. ಥಾನು ಕತ್ತರಿಸೋಕೆ ಮುಂಚೇನೇ ಗೊತ್ತಾಗ್ಲಿ, ಇವತ್ತು ಮಿಗುತ್ತೋ ಇಲ್ವೋ ಅಂತ" ಎಂದಳು. ದಿನಕ್ಕೆ ಒಂದು ಸಾಲು ಬರೆಯುವಷ್ಟು ಶಕ್ತಿ ಇತ್ತು. ಕೆಲವು ದಿನ ಅದೂ ಇರಲಿಲ್ಲ. ನಾನು ಇಣುಕಿದರೆ ಪರದೆ ಮಡಚಿಬಿಡುತ್ತಿದ್ದಳು, ಪರೀಕ್ಷೆಯಲ್ಲಿ ಪಕ್ಕದವರಿಂದ ಉತ್ತರ ಮುಚ್ಚಿಡುವ ಹುಡುಗಿಯ ಹಾಗೆ.

ಪ್ರೋಗ್ರಾಂ ಮುಗಿಯಲಿಲ್ಲ. ಅವಳು ಮುಗಿದಳು.

ಕೆಲವು ವಾರದ ಮೇಲೆ ಲ್ಯಾಪ್‌ಟಾಪ್ ತೆರೆದೆ. ನನಗೆ ಸಿ ಬರುತ್ತಿರಲಿಲ್ಲ, ಆದರೆ ಅಕ್ಷರ ಬರುತ್ತದೆ. ಮೊದಲು ಥಾನಿನ ಉದ್ದ ಕೇಳುವ ಸಾಲು, ಆಮೇಲೆ ಕವರಿನ ಉದ್ದ ಕೇಳುವ ಸಾಲು. ಅದರ ಕೆಳಗೆ ಉಳಿಕೆ ಎಂಬ ಮಾತು, ಸಮ ಚಿಹ್ನೆ, ಅಲ್ಲಿಗೆ ನಿಂತಿತ್ತು. ಬಲಗಡೆ ಏನೂ ಇರಲಿಲ್ಲ. ಆದರೆ ಅದರ ಕೆಳಗಿನದನ್ನು ಅವಳು ಮೊದಲೇ ಬರೆದಿಟ್ಟಿದ್ದಳು. ಉಳಿಕೆ ಸೊನ್ನೆ ಅಲ್ಲದಿದ್ದರೆ ಉಳಿಕೆ ಎಷ್ಟೆಂದು ಹೇಳು. ಉಳಿಕೆ ಸೊನ್ನೆಗೆ ಸಮನಾದರೆ ಒಂದು ಮಾತು ಹೇಳು. ಆ ಮಾತು ನಮ್ಮ ಮನೆಯ ಮಾತೇ, ಇಂಗ್ಲಿಷ್ ಅಕ್ಷರಗಳಲ್ಲಿ ಇತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

"ಕೊಳವೆ ಖಾಲಿ. ಬೇಗ ಮನೆಗೆ ಬನ್ನಿ. ಒಲೆ ಹಚ್ಚಿದೀನಿ."

ಸಭಿಕರೇ, ಆಗ ಅವಳಿಗೆ ಮಂಚದಿಂದ ಕೆಳಗೆ ಕಾಲಿಡಲು ಆಗುತ್ತಿರಲಿಲ್ಲ.

ಈ ಸಾಲನ್ನು ಅವಳ ಯಂತ್ರದ ಬಾಯಿಂದ ಕೇಳಬೇಕು ಎಂದು ನನಗೆ ಹುಚ್ಚು ಹಿಡಿಯಿತು. ನಡುವೆ ಬೇಕಾದದ್ದು ಅರ್ಧ ಸಾಲು. ಪ್ರಾಂಶುಪಾಲರ ಹತ್ತಿರ ಬಂದೆ. ಅವರು ಫೀಸು ಬೇಡ, ಪರೀಕ್ಷೆಯೂ ಬೇಡ, ಬಂದು ಕೂತುಕೊಳ್ಳಿ ಎಂದರು. ಅವಳ ಜಾಗಕ್ಕೆ ಬಂದಿದ್ದ ಮೇಡಂ ಅವಳದೇ ಶಿಷ್ಯೆ. ನನ್ನನ್ನು ಕಂಡಾಗಲೆಲ್ಲ ಪಾಠದ ನಡುವೆ ತೊದಲುತ್ತಿದ್ದರು, ಗುರುಗಳ ಮನೆಯವರು ತಪಾಸಣೆಗೆ ಬಂದಿದ್ದಾರೆ ಎಂಬಂತೆ. ನನ್ನ ಅವಸ್ಥೆ ನೋಡಿದ ಮೇಲೆ ಆ ಭಯ ಹೋಯಿತು. ನಾನು ಒಂದು ಸಾಲು ಟೈಪ್ ಮಾಡುವಷ್ಟರಲ್ಲಿ ತರಗತಿ ಚಹಾ ಕುಡಿದು ಬರುತ್ತಿತ್ತು.

ಮೊದಲು ಆ ಖಾಲಿ ಜಾಗದಲ್ಲಿ ಶೇಕಡಾ ಗುರುತನ್ನೇ ಹಾಕಿದೆ. ಊಟದ ತಟ್ಟೆಯ ಮುಂದೆ ಕೇಳಿದ ಪಾಠ ಮರೆತೇ ಹೋಗಿತ್ತು. ಯಂತ್ರ ಬಾಗಿಲಲ್ಲೇ ತಡೆಯಿತು. ಪಕ್ಕದ ಹುಡುಗಿ, "ಅಂಕಲ್, ಅದು ಇಡೀ ಸಂಖ್ಯೆಗೆ ಮಾತ್ರ" ಎಂದಳು. ಹಾಗಾದರೆ ಸೆಂಟಿಮೀಟರಿನಲ್ಲೇ ಕೊಟ್ಟುಬಿಡಿ, ಎಲ್ಲ ಇಡೀ ಸಂಖ್ಯೆಯೇ ಆಗುತ್ತದೆ ಎಂದೂ ಅವಳೇ ಹೇಳಿದಳು. ಜಾಣೆ. ಆದರೆ ನನ್ನ ಹೆಂಡತಿ ಮೀಟರಿನಲ್ಲಿ ಕೇಳಿದ್ದಳು. ಕೇಳಿದವಳಿಗೆ ಕೇಳಿದ ಹಾಗೆಯೇ ಉತ್ತರ ಕೊಡಬೇಕಲ್ಲವೇ? ಎಫ್‌ಮಾಡ್ ಬರೆದೆ. ಅದಕ್ಕೆ ಮೇಲೆ ಗಣಿತದ ಹೆಡರ್ ಎಂಬ ಇನ್ನೊಂದು ಸಾಲು ಬೇಕು, ಅದನ್ನು ಸೇರಿಸಲು ಮರೆತಿದ್ದೆ, ಮತ್ತೆ ತಡೆಯಿತು. ಅದನ್ನೂ ಸೇರಿಸಿದೆ. ಒಂದು ದಿನ ಏನೂ ತಕರಾರು ಮಾಡದೆ ಓಡಿತು. ಥಾನಿನ ಉದ್ದ ಕೇಳಿತು, ನಲವತ್ತು ಎಂದೆ. ಕವರಿನ ಉದ್ದ ಕೇಳಿತು, ಸೊನ್ನೆ ಪಾಯಿಂಟ್ ಎಂಟು ಎಂದೆ. ಎಂಟರ್ ಒತ್ತಿ ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟರೆ ಪರದೆಯ ಮೇಲೆ ಇದ್ದದ್ದು: ಉಳಿಕೆ 0.800000.

ಉಳಿಕೆ ಎಂಬತ್ತು ಸೆಂಟಿಮೀಟರ್! ಕವರಿನಷ್ಟೇ ಉದ್ದದ ಬಟ್ಟೆ ಮಿಕ್ಕಿದ್ದರೆ ಅದು ಉಳಿಕೆ ಹೇಗಾಗುತ್ತದೆ? ಅದೂ ಒಂದು ಕವರೇ ಅಲ್ಲವೇ? ಯಾವ ಮಗುವಿಗೆ ಕೊಟ್ಟರೂ ಮಾಡುವ ಲೆಕ್ಕ ಇದು. ಮತ್ತೆ ಕೊಟ್ಟೆ. ಮತ್ತೆ ಅದೇ. ಮೇಡಂ ಬಂದು ನೋಡಿದರು.

ಆಮೇಲೆ ಹಲಗೆಯ ಮೇಲೆ ಬರೆದು ತಿಳಿಸಿದರು. ನಾವು ಹತ್ತರ ಲೆಕ್ಕದಲ್ಲಿ ಎಣಿಸುತ್ತೇವೆ, ಯಂತ್ರ ಎರಡರ ಲೆಕ್ಕದಲ್ಲಿ. ಅರ್ಧ, ಕಾಲು, ಅರೆಕಾಲು, ಇವನ್ನು ಅದು ಸರಿಯಾಗಿ ಹಿಡಿಯುತ್ತದೆ. ಹತ್ತನೇ ಒಂದು, ಹತ್ತನೇ ಎಂಟು, ಇವು ಅದಕ್ಕೆ ಎಷ್ಟು ಬರೆದರೂ ಮುಗಿಯದ ಸಂಖ್ಯೆಗಳು. ನಾವು ಮೂರನೇ ಒಂದನ್ನು ಪಾಯಿಂಟಿನಲ್ಲಿ ಬರೆಯಲು ಹೋದರೆ ಮುಗಿಯುವುದಿಲ್ಲವಲ್ಲ, ಹಾಗೆ. ಅದು ಎಲ್ಲೋ ಒಂದು ಕಡೆ ನಿಲ್ಲಿಸಿ ಹತ್ತಿರದ್ದನ್ನು ಇಟ್ಟುಕೊಳ್ಳುತ್ತದೆ. ನನ್ನ ಎಂಬತ್ತು ಸೆಂಟಿಮೀಟರು ಅದರೊಳಗೆ ಹೋಗಿ, ಕೂದಲನ್ನು ಕೋಟಿ ಸೀಳು ಮಾಡಿದರೆ ಅದರಲ್ಲಿ ಒಂದು ಸೀಳಿನಷ್ಟು ಹೆಚ್ಚಾಗಿ ಕೂತಿದೆ. ಐವತ್ತು ಕವರು ಹಿಡಿಸಬೇಕಾದ ಥಾನಿನಲ್ಲಿ ಈಗ ಐವತ್ತನೆಯದು ಹಿಡಿಸುವುದಿಲ್ಲ. ನಲವತ್ತೊಂಬತ್ತು ಕತ್ತರಿಸಿ, ಕೊನೆಯದನ್ನು ಮಿಕ್ಕಿತು ಎನ್ನುತ್ತದೆ. ಒಂದು ಕವರಿಗೆ ಒಂದು ಸೀಳು ಕಡಿಮೆ. ಆರು ಅಂಕಿಯಲ್ಲಿ ತೋರಿಸುವಾಗ ಆ ಸೀಳು ಕಾಣುವುದಿಲ್ಲ.

"ಎಫ್‌ಮಾಡ್ ಸುಳ್ಳು ಹೇಳಲ್ಲ ಸರ್. ಅದು ಕೊಟ್ಟ ಅಳತೆಗೆ ಸರಿಯಾಗಿ ಉತ್ತರ ಕೊಡುತ್ತೆ. ಅಳತೆ ಒಳಗೆ ಹೋಗುವಾಗಲೇ ಸ್ವಲ್ಪ ಬದಲಾಗಿರುತ್ತೆ" ಎಂದರು ಮೇಡಂ. ಆಮೇಲೆ ದನಿ ತಗ್ಗಿಸಿ, "ಪಾಯಿಂಟ್ ಇರೋ ಸಂಖ್ಯೆನ ಸೊನ್ನೆಗೆ ಸಮನಾ ಅಂತ ಯಾವತ್ತೂ ಕೇಳ್ಬೇಡಿ, ಹತ್ತಿರ ಇದೆಯಾ ಅಂತ ಕೇಳಿ. ಇದನ್ನ ನಮಗೆ ಹೇಳಿಕೊಟ್ಟಿದ್ದೇ ಮೇಡಂ. ಅವರೇ ಇಲ್ಲಿ ಸಮನಾ ಅಂತ ಬರ್ದಿದಾರೆ" ಎಂದರು.

ಹೌದು. ವರ್ಷ ವರ್ಷವೂ ನಿಮ್ಮೆಲ್ಲರ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿದ ತಪ್ಪನ್ನು ಶೇಷ ಮೇಡಂ ತಾವೇ ಮಾಡಿದ್ದಾರೆ. ಔಷಧಿಯ ಮಂಪರಿನಲ್ಲಿ ಮರೆತಳೋ? ಆಮೇಲೆ ತಿದ್ದಿದರಾಯಿತು ಎಂದುಕೊಂಡಳೋ? ಅಥವಾ ತಿಳಿದೇ ಬರೆದಳೋ? ನಲವತ್ತಕ್ಕೆ ಎಂಬತ್ತು ಯಾವತ್ತೂ ಸೊನ್ನೆಗೆ ಬರುವುದಿಲ್ಲ, ಈ ಮಾತು ಎಂದೂ ಪರದೆಯ ಮೇಲೆ ಬರುವುದಿಲ್ಲ, ಗಂಡ ಕಾದು ಕಾದು ಒಲೆಯನ್ನು ತಾನೇ ಹಚ್ಚಿಕೊಳ್ಳಲಿ ಎಂಬ ತಮಾಷೆಯೋ? ಅವಳಿಗೆ ಆ ತುಂಟತನ ಇತ್ತು. ಯಾರನ್ನು ಕೇಳಲಿ? ಪಾಠದಲ್ಲಿ ಅನುಮಾನ ಬಂದರೆ ಗುರುಗಳನ್ನು ಕೇಳಿ ಎಂದು ಈ ಸಂಸ್ಥೆಯ ಗೋಡೆಗಳ ಮೇಲೆಲ್ಲ ಬರೆದಿದ್ದೀರಿ. ನಾನು ಯಾರನ್ನು ಕೇಳಲಿ?

ಮೇಡಂಗೆ ನನ್ನ ಮುಖ ನೋಡಿ ಕರುಣೆ ಬಂತು. "ಅರ್ಧ ಮೀಟರ್ ಅಂತ ಕೊಟ್ಟು ನೋಡಣ್ವಾ ಸರ್? ಅರ್ಧ ಸರಿಯಾಗಿ ಹಿಡಿಯುತ್ತೆ, ಸೊನ್ನೆ ಬರುತ್ತೆ. ಮೇಡಂ ಬರೆದದ್ದು ಕಾಣುತ್ತೆ" ಎಂದರು. ಅವರ ಬೆರಳು ಕೀ ಮೇಲೇ ಇತ್ತು.

"ನಮ್ಮಲ್ಲಿ ಅರ್ಧ ಮೀಟರಿಂದು ಏನೂ ಹೊಲಿಯಲ್ಲ ಮೇಡಂ" ಎಂದೆ.

ಅವರು ಬೆರಳು ತೆಗೆದರು.

ಇಷ್ಟು ಹೇಳಿ ನಿಲ್ಲಿಸಬೇಕೆಂದಿದ್ದೆ. ಆದರೆ ಮುಂದಿನದನ್ನೂ ಬರೆದಿದ್ದೇನೆ, ಬರೆದದ್ದನ್ನು ಓದಿಬಿಡುತ್ತೇನೆ.

ಆ ಲ್ಯಾಪ್‌ಟಾಪನ್ನು ಈಗ ಘಟಕದಲ್ಲೇ, ಕಟಿಂಗ್ ಮೇಜಿನ ತುದಿಯಲ್ಲಿ ಇಟ್ಟುಕೊಂಡಿದ್ದೇನೆ. ಸಂಜೆ ಎಲ್ಲರೂ ಹೋದ ಮೇಲೆ ನಲವತ್ತು ಒತ್ತುತ್ತೇನೆ, ಸೊನ್ನೆ ಪಾಯಿಂಟ್ ಎಂಟು ಒತ್ತುತ್ತೇನೆ. ಎಂಬತ್ತು ಸೆಂಟಿಮೀಟರ್ ಮಿಕ್ಕಿದೆ ಎನ್ನುತ್ತದೆ. ಮಿಕ್ಕಿದೆ ಎಂದ ಮೇಲೆ ಮಾಸ್ಟರು ಏಳುವಂತಿಲ್ಲವಲ್ಲ. ಕೂತಿರುತ್ತೇನೆ. ಮೇಜಿನ ಮೇಲೆ ಬಟ್ಟೆ ಇರುವುದಿಲ್ಲ, ಕಪಾಟಿನ ಕೆಲಸ ಮುಗಿದಿರುತ್ತದೆ, ಆದರೂ ಕೂತಿರುತ್ತೇನೆ. ಕಾವಲುಗಾರ ಬಂದು, "ಮಾಸ್ಟ್ರೇ, ಇನ್ನೂ ಆಗ್ಲಿಲ್ವಾ?" ಎನ್ನುತ್ತಾನೆ. "ಒಂದು ತುಂಡು ಉಳಿದಿದೆ ಕಣಯ್ಯ" ಎನ್ನುತ್ತೇನೆ. ಅವನು ಒಮ್ಮೆ ಖಾಲಿ ಮೇಜು ನೋಡಿ, ಒಮ್ಮೆ ನನ್ನನ್ನು ನೋಡಿ, ಬೀಗದ ಕೈಯನ್ನು ಇನ್ನೊಂದು ಸುತ್ತು ಬೆರಳಿಗೆ ಸುತ್ತಿಕೊಂಡು ಹೋಗುತ್ತಾನೆ. ಒಳ್ಳೆಯವನು. ಅವನನ್ನೂ ಇವತ್ತು ಕರೆದಿದ್ದೆ, ಬಾಗಿಲು ಬಿಟ್ಟು ಬರುವಂತಿಲ್ಲ ಎಂದ.

ನನಗೆ ಹುಚ್ಚು ಎಂದು ನೀವು ತಿಳಿಯಬಾರದು. ಮನೆಗೆ ಬೇರೆ ದಾರಿ ಇಲ್ಲ. ಬೀದಿಯ ತಿರುವಿನಲ್ಲಿ ಪಾತ್ರೆ ಅಂಗಡಿ ಈಗಲೂ ಇದೆ. ಅಲ್ಲಿ ನಿಧಾನ ಮಾಡಿದರೆ ಪ್ರಯೋಜನವಿಲ್ಲ. ಎಷ್ಟೇ ನಿಧಾನ ನಡೆದರೂ ಮೊದಲು ತಲುಪುವವನು ನಾನೇ. ದಿನವೂ ನಾನೇ. ಹೀಗಿರುವಾಗ ಹೊತ್ತಿಗೆ ಸರಿಯಾಗಿ ಮನೆಗೆ ಹೋಗು ಎಂದು ಯಾರೂ ಹೇಳದಿದ್ದರೆ ಸಾಕು ಎನಿಸುತ್ತದೆ. ಇನ್ನೂ ಮಿಕ್ಕಿದೆ, ಕೂತಿರು ಎಂದು ಹೇಳುವುದು ಈ ಲೋಕದಲ್ಲಿ ಆ ಯಂತ್ರ ಒಂದೇ. ಅದು ಹೇಳುವುದು ತಪ್ಪು ಎಂದು ನನಗೆ ಗೊತ್ತು. ಕೂದಲಿನ ಕೋಟಿ ಸೀಳಿನಲ್ಲಿ ಒಂದು ಸೀಳಿನ ತಪ್ಪು. ಆ ಸೀಳಿನ ಮೇಲೆ ಒಬ್ಬ ಮನುಷ್ಯ ಕೂತುಕೊಳ್ಳಬಹುದು ಸಭಿಕರೇ. ನಾನು ಕೂತಿದ್ದೇನೆ.

ಈ ಸಮಾರಂಭ ಗೊತ್ತಾದ ಮೇಲೆ ಮೇಡಂ ಪ್ರೋಗ್ರಾಮನ್ನು ತಿದ್ದಿದರು. ನನ್ನನ್ನು ಕೇಳಿಯೇ ತಿದ್ದಿದರು. "ನಿಮ್ಮ ಕತ್ತರಿ ಎಷ್ಟು ತಪ್ಪಬಹುದು ಸರ್?" ಎಂದರು. ಒಂದು ನೂಲಿನಷ್ಟು ಎಂದೆ. ಒಂದು ಮಿಲಿಮೀಟರ್ ಎಂದು ಬರೆದುಕೊಂಡರು. ಉಳಿಕೆ ಸೊನ್ನೆಗೆ ಅಷ್ಟು ಹತ್ತಿರವಿದ್ದರೂ ಸರಿ, ಕವರಿನ ಪೂರ್ತಿ ಉದ್ದಕ್ಕೆ ಅಷ್ಟು ಹತ್ತಿರವಿದ್ದರೂ ಸರಿ, ಥಾನು ಮುಗಿಯಿತೆಂದೇ ತಿಳಿಯಬೇಕು ಎಂದು ಒಂದು ಸಾಲು. ಅಷ್ಟೇ. ಬಹಳ ಚೆಂದದ ತಿದ್ದುಪಡಿ. ಅವಳು ಇದ್ದಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದಳು. ಈ ಮೇಜಿನ ಮೇಲಿರುವುದು ಆ ತಿದ್ದಿದ ಪ್ರೋಗ್ರಾಂ. ನಲವತ್ತು, ಸೊನ್ನೆ ಪಾಯಿಂಟ್ ಎಂಟು, ಎರಡನ್ನೂ ಆಗಲೇ ಕೊಟ್ಟಿಟ್ಟಿದ್ದಾರೆ. ಕೊನೆಯ ಎಂಟರ್ ನನ್ನ ಪಾಲಿಗೆ ಬಿಟ್ಟಿದ್ದಾರೆ. ಒತ್ತಿದರೆ ಈ ಸಲ ಖಂಡಿತ ಅವಳ ಮಾತು ಬರುತ್ತದೆ.

ಈ ಹಾಳೆಯನ್ನು ಬರೆಯುವಾಗ ಇಲ್ಲಿಗೆ ನಿಲ್ಲಿಸಿದ್ದೆ. ಒತ್ತುವುದೋ ಬಿಡುವುದೋ ಇಲ್ಲಿ ನಿಂತ ಮೇಲೆ ನೋಡೋಣ ಎಂದುಕೊಂಡಿದ್ದೆ. ಈಗ ನಿಂತಿದ್ದೇನೆ. ಮುಂದಿನದು ಬರೆದದ್ದಲ್ಲ.

ನಾನು ಒತ್ತುವುದಿಲ್ಲ.

ಅಧ್ಯಕ್ಷರು ಕ್ಷಮಿಸಬೇಕು. ಪ್ರಾಂಶುಪಾಲರು ಕ್ಷಮಿಸಬೇಕು. ಪಟ್ಟಿಯಲ್ಲಿ ಅಚ್ಚಾಗಿರುವುದಕ್ಕೆ ನಾನು ತಪ್ಪುತ್ತಿದ್ದೇನೆ. ಇದು ಮೊಂಡುತನವಲ್ಲ. ಅವಳು ಯಾವತ್ತೂ ನನ್ನಿಂದ ಹೆಚ್ಚೇನೂ ಕೇಳಿದವಳಲ್ಲ. ಅವಳು ಬೇಗ ಮನೆಗೆ ಬನ್ನಿ ಎಂದರೆ ನಾನು ಹೋಗಲೇಬೇಕಾಗುತ್ತದೆ. ಹೋಗುತ್ತೇನೆ, ಬೀಗ ತೆಗೆಯುತ್ತೇನೆ. ಒಲೆ ಹಚ್ಚಿರುವುದಿಲ್ಲ.

ಈ 'ಇಲ್ಲ'ವನ್ನು ಇಷ್ಟು ದೊಡ್ಡ ಪರದೆಯ ಮೇಲೆ, ಚಪ್ಪಾಳೆಯ ನಡುವೆ ನೋಡುವ ಶಕ್ತಿ ನನಗಿಲ್ಲ.

ಮೇಡಂ, ನೀವು ಅಳಬಾರದು. ತಿದ್ದಿದ್ದು ಸರಿಯಾಗಿಯೇ ಇದೆ. ಮಕ್ಕಳಿಗೆ ತಿದ್ದಿದ್ದನ್ನೇ ಹೇಳಿಕೊಡಿ. ಸಮನಾ ಎಂದು ಕೇಳಬೇಡಿ, ಹತ್ತಿರ ಇದೆಯಾ ಎಂದು ಕೇಳಿ ಎಂದು ಹೇಳಿಕೊಡಿ. ನಾನು ಮೆಟ್ಟಿಲಿಳಿದು ಗೇಟು ದಾಟಿದ ಮೇಲೆ ನೀವೇ ಆ ಕೀ ಒತ್ತಿ. ಇವರೆಲ್ಲ ಅವಳ ಮಾತನ್ನು ಓದಲಿ. ಓದಿ, ಯಾರ ಯಾರ ಮನೆಯಲ್ಲಿ ಒಲೆ ಹಚ್ಚಿದೆಯೋ ಅವರೆಲ್ಲ ಬೇಗ ಬೇಗ ಹೋಗಲಿ. ನನ್ನ ಲ್ಯಾಪ್‌ಟಾಪಿನಲ್ಲಿರುವುದನ್ನು ಮಾತ್ರ ಯಾರೂ ತಿದ್ದಬೇಡಿ. ಅದು ಇದ್ದ ಹಾಗೇ ಇರಲಿ.

ನನಗೂ ಹೊತ್ತಾಯಿತು. ಇವತ್ತಿನ ಥಾನಿನಲ್ಲಿ ನಿಜವಾಗಿಯೂ ಒಂದು ಮೊಳ ಮಿಕ್ಕಿದೆ. ಈ ಸಭೆಗೆ ಬರುವ ಆತುರದಲ್ಲಿ ಚೀಟಿ ಕಟ್ಟದೆ ಬಂದಿದ್ದೇನೆ. ಮೇಜಿನ ಮೇಲೆ ಹಾಗೇ ಬಿದ್ದಿದೆ. ಕಾವಲುಗಾರ ಬಾಗಿಲು ತೆರೆದಿಟ್ಟು ಕಾಯುತ್ತಿರುತ್ತಾನೆ.

ಅವಳ ಹೆಸರನ್ನು ಬಾಗಿಲ ಮೇಲೆ ಬರೆಸಿದ ನಿಮಗೆ, ಕೊನೆಯ ಬೆಂಚಿನಲ್ಲಿ ನನ್ನನ್ನು ಸಹಿಸಿಕೊಂಡ ಸಹಪಾಠಿಗಳಿಗೆ, ಬೆರಳು ತೆಗೆದ ಮೇಡಂಗೆ, ಮೂರನೇ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ನನ್ನ ತಂಗಿಗೆ, ಇಷ್ಟು ಹೊತ್ತು ಕೇಳಿದ ಸಭಿಕರಿಗೆ ನನ್ನ ಕೃತಜ್ಞತೆ. ಮುಖ್ಯ ಅತಿಥಿಗಳೇ, ಇಗೋ ನಿಮ್ಮ ಕತ್ತರಿ.

ನಮಸ್ಕಾರ.